ಮಗಳಿಗೆ ಹತ್ತೊಂಬತ್ತಾದ ವರ್ಷ

ಮಗಳಿಗೆ ಹತ್ತೊಂಬತ್ತು ತುಂಬಿದ ದಿನ ಹೂರಣದ ಹೋಳಿಗೆ ಮಾಡಿದೆ, ಸಂಜೆಗೆ ಕೇಕ್ ತರಿಸಿದೆ, ಅವಳ ಗೆಳತಿಯರು ಮೊಬೈಲ್ ಎತ್ತಿ ಹಿಡಿದಾಗಲೆಲ್ಲ ಹಲ್ಲು ಕಿರಿದೆ. ನನ್ನ ಅಣ್ಣನಿಗೆ ಹುಚ್ಚು ಹಿಡಿದದ್ದು ಹತ್ತೊಂಬತ್ತರಲ್ಲಿ.

ಹುಚ್ಚು ಅನ್ನಬಾರದು, ಸ್ಕಿಜೋಫ್ರೇನಿಯಾ ಅನ್ನಬೇಕು. ಬಿಪಿ, ಶುಗರ್ ಇದ್ದ ಹಾಗೆ ಅದೂ ಒಂದು ಕಾಯಿಲೆ. ಸ್ಟಾಫ್‌ರೂಮಿನಲ್ಲಿ ಯಾರಾದರೂ ಹುಚ್ಚು ಎಂಬ ಶಬ್ದವನ್ನು ತಮಾಷೆಗೆ ಬಳಸಿದರೆ ನಾನೇ ಮೊದಲು ಸಿಡುಕುತ್ತೇನೆ. ಆದರೆ ಹೆದರಿಕೆಯಾದಾಗ ಬಾಯಿಗೆ ಬರುವುದು ಹಳೆಯ ಶಬ್ದವೇ, ಏನು ಮಾಡಲಿ.

ನಾನು ಹುನಗುಂದದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಗಂಡನಿಗೆ ವಿಜಯಪುರದಲ್ಲಿ ಬ್ಯಾಂಕಿನ ನೌಕರಿ. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತಾರೆ. ಅಪ್ಪ ತೀರಿಹೋದ ಮೇಲೆ ಇಳಕಲ್ಲಿನ ಬಾಡಿಗೆ ಮನೆ ಬಿಡಿಸಿ ಅವ್ವನನ್ನೂ ಅಣ್ಣನನ್ನೂ ಇಲ್ಲಿಗೆ ಕರೆತಂದೆ. ಅಣ್ಣನಿಗೆ ಈಗ ಐವತ್ತರ ಹತ್ತಿರ. ಲಗ್ನವಾಗಿಲ್ಲ. ತಪ್ಪದೆ ಗುಳಿಗೆ ನುಂಗುತ್ತಾನೆ, ಹಾಲು ತರುತ್ತಾನೆ, ಪಡಸಾಲೆಯಲ್ಲಿ ಮೊರ ಹಿಡಿದು ಕೂತು ಜೋಳ ಹಸನು ಮಾಡುತ್ತಾನೆ. ಅವನ ಕೈಯಿಂದ ಬಂದ ಜೋಳದಲ್ಲಿ ಹರಳು ಸಿಕ್ಕಿದ್ದು ನನಗೆ ನೆನಪಿಲ್ಲ. ಮಾತು ಕಡಿಮೆ. ಮನೆಗೆ ಬಂದ ನೆಂಟರು ಅವನೊಂದಿಗೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡಿದರೆ, "ನನಗ ತಲಿ ಕೆಟ್ಟದ, ಕಿವಿ ಚಲೋ ಅದಾವ" ಅಂದು ಮತ್ತೆ ಮೊರದ ಕಡೆ ನೋಡುತ್ತಾನೆ.

ಮಗಳು ತೋಟಗಾರಿಕೆ ಓದಲು ಬಾಗಲಕೋಟೆಗೆ ಹೋಗುತ್ತಾಳೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಅವಳಿಗೂ ಅವಳ ಮಾವನಿಗೂ ಚಿಕ್ಕಂದಿನಿಂದ ಗೆಳೆತನ. ನಮ್ಮ ಕಡೆ ಹೆಣ್ಣು ಕೂಸು ಹುಟ್ಟಿದರೆ ಸೋದರಮಾವನಿಗೆ "ನಿನ್ನ ಹೇಣ್ತಿ ಬಂದ್ಲು ನೋಡಪಾ" ಎಂದು ಚಾಷ್ಟಿ ಮಾಡುವುದು ರೂಢಿ. ಅವ್ವನೂ ಹಾಗೇ ಅನ್ನುತ್ತಿದ್ದಳು. ತೊಟ್ಟಿಲ ಕೂಸಿನ ಮುಂದೆ ಅಣ್ಣ ಬಂದು ನಿಂತರೆ, "ನಿನ್ನ ಗಂಡ ಬಂದ, ನಗು" ಅನ್ನುತ್ತಿದ್ದಳು. ಕೂಸು ನಗುತ್ತಿತ್ತು. ನಾನು ಬಾಣಂತಿ ಕೋಣೆಯಿಂದಲೇ ಕೂಗಾಡುತ್ತಿದ್ದೆ. ಅವ್ವನಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗುವುದಾದರೂ ಹೇಗೆ? ಅವಳನ್ನೇ ಸೋದರಮಾವನಿಗೆ ಕೊಟ್ಟಿದ್ದರು. ನಮ್ಮ ಅಪ್ಪ ಅವಳ ತಾಯಿಯ ತಮ್ಮ. "ಗೊತ್ತಿದ್ದ ಮನಿ, ಗೊತ್ತಿದ್ದ ರಕ್ತ" ಎಂದು ಅವ್ವ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾಳೆ.

ಅಣ್ಣನಿಗೆ ಕಾಯಿಲೆ ಬಂದದ್ದು ನನ್ನ ಕಣ್ಣೆದುರು. ಇಳಕಲ್ಲಿನಲ್ಲಿ ನಮ್ಮ ಮನೆ ನೇಕಾರರ ಓಣಿಯ ಬಾಯಿಗೇ ಇತ್ತು. ಎಲ್ಲ ಮನೆಗಳಲ್ಲೂ ಕುಣಿಮಗ್ಗ. ಬೆಳಗಾದರೆ ಖಟ್ ಖಟ್ ಶುರು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಉಂಡವರು, ಓದಿದವರು, ಮಲಗಿದವರು ನಾವು. ಸದ್ದು ನಿಂತರೆ ಮಾತ್ರ ಕಿವಿ ನಿಗುರುತ್ತಿದ್ದವು. ಅಣ್ಣ ಆಗ ಡಿಗ್ರಿ ಎರಡನೇ ವರ್ಷ. ಒಂದು ದಿನ ಊಟಕ್ಕೆ ಕೂತವನು ತುತ್ತು ಕೈಯಲ್ಲಿ ಹಿಡಿದು, "ಮಗ್ಗ ನನ್ನ ಸುದ್ದಿ ಮಾತಾಡಾಕತ್ತಾವ" ಅಂದ. ನಾವೆಲ್ಲ ನಕ್ಕೆವು. ಶಾಲಾ ಮಾಸ್ತರನಾದ ಅಪ್ಪ, "ಏನಂತಾವಪಾ? ಪಾಸಾಗ್ತಿ ಅಂತಾವೇನು?" ಎಂದು ಕೇಳಿದ. ಅಣ್ಣನೂ ಸ್ವಲ್ಪ ನಕ್ಕ.

ಆಮೇಲೆ ಅವನು ನಗಲಿಲ್ಲ. ಸ್ನಾನ ಬಿಟ್ಟ, ಕಾಲೇಜು ಬಿಟ್ಟ, ಗೋಡೆಗೆ ಕಿವಿ ಹಚ್ಚಿ ಕೂರುತ್ತಿದ್ದ. "ಎಲ್ಲಾರೂ ನನ್ನ ನೋಡಾಕತ್ತಾರ" ಎಂದು ಕಿಟಕಿಗೆ ಅವ್ವನ ಸೀರೆ ಕಟ್ಟಿದ. ಆ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ನಡೆಸುತ್ತಿರಲಿಲ್ಲ. ಅಂಥದ್ದೇ ಒಂದು ಅಮಾವಾಸ್ಯೆ, ಓಣಿಯೆಲ್ಲ ತಣ್ಣಗಿದ್ದ ಮಧ್ಯಾಹ್ನ, ಅಣ್ಣ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, "ಸಾಕ್ರೋ, ನಿಲ್ಲಸರೋ" ಎಂದು ಚೀರಿದ. ಅಪ್ಪ ಬಾಗಿಲಲ್ಲಿ ನಿಂತು ಅವನನ್ನು ನೋಡಿದ, ಹೊರಗೆ ಓಣಿಯನ್ನು ನೋಡಿದ. ಅಪ್ಪನ ಮುಖದಲ್ಲಿ ಹೆದರಿಕೆಯನ್ನು ನಾನು ನೋಡಿದ್ದು ಅದೇ ಮೊದಲು. ಅಣ್ಣನಿಗಿಂತ ನಾನು ಎರಡು ವರ್ಷ ಚಿಕ್ಕವಳು. ಮುಂದೆ ನನಗೆ ಹತ್ತೊಂಬತ್ತಾದಾಗ ದಿನಾ ಮಗ್ಗದ ಸದ್ದನ್ನು ಕಿವಿಗೊಟ್ಟು ಕೇಳುತ್ತಿದ್ದೆ, ಅದರಲ್ಲಿ ಮಾತು ಬರುತ್ತದೇನೋ ಎಂದು. ಬರಲಿಲ್ಲ. ಬದುಕಿದೆ ಅಂದುಕೊಂಡೆ. ನನ್ನನ್ನು ಕೇಳಿಕೊಂಡು ಬರಬೇಕಾಗಿದ್ದ ಒಳಗಿನ ಸಂಬಂಧಗಳು ಅಣ್ಣನ ಸುದ್ದಿ ತಿಳಿದು ಹಿಂದೆ ಸರಿದವು. ಹಾಗಾಗಿ ರಕ್ತಸಂಬಂಧವಿಲ್ಲದ ಹೊರಗಿನವರು ಗಂಡನಾಗಿ ಸಿಕ್ಕರು. ಆ ಕಾಯಿಲೆ ನನಗೆ ಮಾಡಿದ ಒಂದೇ ಉಪಕಾರ ಅದು.

ಮಗಳ ಹುಟ್ಟುಹಬ್ಬವಾಗಿ ತಿಂಗಳೊಪ್ಪತ್ತಿನಲ್ಲಿ ಅಣ್ಣನನ್ನು ಬಾಗಲಕೋಟೆಗೆ ತಪಾಸಣೆಗೆ ಕರೆದೊಯ್ದೆ. ಅವ್ವನೂ ಜೊತೆಗಿದ್ದಳು. ಅಣ್ಣನನ್ನು ನೋಡುತ್ತಿದ್ದ ಹಳೆಯ ಡಾಕ್ಟರು ನಿವೃತ್ತರಾಗಿ ಹೊಸಬರು ಬಂದಿದ್ದರು. ಮೈಸೂರು ಕಡೆಯವರು, ನನಗಿಂತ ಚಿಕ್ಕವರು, ನಮ್ಮ ಮಾತು ಕೇಳಿ ಒಂದು ಗಳಿಗೆ ತಡೆದು ಉತ್ತರ ಕೊಡುವವರು. ಈ ಕಾಯಿಲೆ ಇದ್ದವರ ಮತ್ತು ಅವರ ಒಡಹುಟ್ಟಿದವರ ಮೆದುಳನ್ನು ಸ್ಕ್ಯಾನ್ ಮಾಡಿ ಹೋಲಿಸಿ ನೋಡುತ್ತಿದ್ದೇವೆ, ನೀವಿಬ್ಬರೂ ಒಪ್ಪಿದರೆ ಒಳ್ಳೆಯದು ಎಂದರು. ನಾನು ವಿಜ್ಞಾನದ ಟೀಚರು. ಬೇಡ ಅನ್ನಲು ನಾಚಿಕೆಯಾಯಿತು.

ಮೊದಲು ವಂಶದ ವಿಚಾರ ಕೇಳಿದರು. ಹಾಳೆಯ ಮೇಲೆ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಬರೆಯುತ್ತ ಹೋದರು.

"ನಿಮ್ಮ ತಂದೆಗೆ ಅಕ್ಕ ತಂಗಿ ಇದ್ದಾರಾ?"

"ಒಬ್ಬಾಕಿ ಅಕ್ಕ ಇದ್ರು ಸರ್. ಅವರ ನಮ್ಮ ಅಜ್ಜಿ."

"ಸರಿ. ನಿಮ್ಮ ತಾಯಿಯ ತಾಯಿ?"

"ಅವರ ಸರ್, ಅದ ಅಕ್ಕ."

ಅವರು ನಗಲಿಲ್ಲ, ಬೆರಗಾಗಲೂ ಇಲ್ಲ. ಅಪ್ಪನ ಚೌಕದಿಂದ ಅವ್ವನ ವೃತ್ತಕ್ಕೆ, ರಕ್ತಸಂಬಂಧದ ಮದುವೆಗೆ ಹಾಕುವ ಜೋಡಿ ಗೆರೆ ಎಳೆದರು. "ಇಲ್ಲಿ ಈ ಗೆರೆ ದಿನಾ ಬರೀತೀನಿ" ಅಂದರು. ಬೇರೆಯವರ ವಂಶ ಮೇಲೆ ಹೋದಂತೆ ಅಗಲವಾಗುತ್ತದೆ. ನಮ್ಮದು ಮೇಲೆ ಹೋಗಿ ಮತ್ತೆ ಅದೇ ಮನೆಯ ಬಾಗಿಲಿಗೆ ಬಂದು ನಿಂತಿತ್ತು. ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ಮಾಡುವ ನಾನು ಇದನ್ನು ಒಮ್ಮೆಯೂ ಬರೆದು ನೋಡಿರಲಿಲ್ಲ. ಬಟಾಣಿ ಗಿಡದ ಲೆಕ್ಕ ಬಿಡಿಸಿ ಮನೆಗೆ ಬರುತ್ತಿದ್ದೆ.

"ಕುಟುಂಬದಲ್ಲಿ ಬೇರೆ ಯಾರಿಗಾದ್ರೂ ಈ ಥರ ಆಗಿತ್ತಾ?"

"ಯಾರಿಗೂ ಇಲ್ರಿ" ಎಂದಳು ಅವ್ವ, ಕೇಳಿದ್ದಕ್ಕೇ ಅವಮಾನವಾದವಳಂತೆ.

"ಮನೆ ಬಿಟ್ಟು ಹೋದವರು, ಮದುವೆ ಇಲ್ಲದೆ ಒಬ್ಬರೇ ಉಳಿದವರು?"

ಅವ್ವನ ಮುಖ ಅರಳಿತು. "ನಮ್ಮ ದೊಡ್ಡ ಮಾವನವರು ಇದ್ರಲ್ರಿ! ಇವರಪ್ಪನ ಅಣ್ಣ. ಶರಣರಾಗಿ ಹೋದ್ರು. ಬಾದಾಮಿ ಕಡೆ ಹೊಳಿ ದಂಡಿ ಮಠದಾಗ ಇದ್ದು ಅಲ್ಲೇ ದೇವರ ಪಾದ ಸೇರಿದ್ರು."

ಹೌದು, ನಮ್ಮ ದೊಡ್ಡಪ್ಪ. ಅವರ ಫೋಟೋ ನಮ್ಮ ದೇವರ ಜಗುಲಿಯ ಮೇಲೆ ದೇವರ ಸಾಲಿನಲ್ಲೇ ಇತ್ತು, ಅವ್ವನ ಜೊತೆ ಹುನಗುಂದಕ್ಕೂ ಬಂದಿತ್ತು. ಪರೀಕ್ಷೆಗೆ ಹೋಗುವಾಗ ಅಣ್ಣನೂ ನಾನೂ ಅದಕ್ಕೆ ಹಣೆ ಹಚ್ಚಿ ಹೋಗುತ್ತಿದ್ದೆವು. "ನಮ್ಮ ಮನಿತನದಾಗ ಒಬ್ಬರು ವೈರಾಗ್ಯ ಪುರುಷರು ಹುಟ್ಟಿದ್ರು" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ.

"ಎಷ್ಟನೇ ವಯಸ್ಸಿಗೆ ಹೋದ್ರು?" ಡಾಕ್ಟರು ಕೇಳಿದರು.

"ಇಪ್ಪತ್ತರ ಆಜೂಬಾಜು ಇರಬೇಕ್ರಿ. ನಾ ಸಣ್ಣಾಕಿ. ಸಂಸಾರದ ಆಸೀನ ಇರಲಿಲ್ಲರಿ ಅವರಿಗೆ. ತಮ್ಮಷ್ಟಕ್ಕ ತಾವ ಮಾತಾಡ್ತಿದ್ರು. ದೇವರ ಕೂಡ. ತಾಟ ಮುಂದಿಟ್ರ, ವಿಷ ಹಾಕೀರಿ ಅಂತ ಸರಸ್ತಿದ್ರು. ಅನ್ನದ ಆಸಿ ಸೈತ ಬಿಟ್ಟಿತ್ತು ನೋಡ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಅವ್ವನ ಕಡೆ ತಿರುಗಿದೆ. ಅವಳ ಮುಖದಲ್ಲಿ ಇನ್ನೂ ಭಕ್ತಿ ಇತ್ತು. ಇಷ್ಟು ವರ್ಷ ಈ ಮಾತನ್ನು ನಾನೂ ಕೇಳುತ್ತಲೇ ಬಂದಿದ್ದೆ, ಕೈ ಮುಗಿದು ಕೇಳಿದ್ದೆ. ಅಣ್ಣ ಅನ್ನ ಸರಿಸಿದಾಗ ಕಾಯಿಲೆ, ದೊಡ್ಡಪ್ಪ ಸರಿಸಿದಾಗ ವೈರಾಗ್ಯ. "ಇಷ್ಟು ದೂರದಿಂದ ಏನೂ ಖಚಿತವಾಗಿ ಹೇಳಕ್ಕಾಗಲ್ಲ" ಎಂದು ಡಾಕ್ಟರು ಆ ಚೌಕದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಅದೇ ಹಾಳೆಯ ಕೆಳತುದಿಯಲ್ಲಿ, ನನ್ನ ವೃತ್ತದ ಕೆಳಗೆ, ಒಂದು ಪುಟ್ಟ ವೃತ್ತವಿತ್ತು. ಅದು ನನ್ನ ಮಗಳು.

ಸ್ಕ್ಯಾನ್ ಕೋಣೆಗೆ ಹೋಗುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ತಾಳಿಯನ್ನೂ. ಅವ್ವ ಇದನ್ನು ಯಾರಿಂದಲೋ ಕೇಳಿ ತಿಳಿದು, ಅರಿಷಿಣದ ಕೊಂಬು ಕಟ್ಟಿದ ದಾರವನ್ನು ಚೀಲದಲ್ಲಿಟ್ಟುಕೊಂಡೇ ಬಂದಿದ್ದಳು. ಬರಿ ಕೊರಳಲ್ಲಿ ಒಂದು ಗಳಿಗೆಯೂ ಇರಬಾರದೆಂದು ಮೊದಲು ದಾರ ಕಟ್ಟಿ ಆಮೇಲೆ ತಾಳಿ ಬಿಚ್ಚಿಸಿಕೊಂಡಳು. ಅಣ್ಣ ಮೊದಲು ಹೋಗಿ ಬಂದ. "ಹೆಂಗಿತ್ತು?" ಅಂದೆ. "ಸುಮ್ನ ಮಲಗೂದು" ಅಂದ.

ನಾನು ಸುಮ್ಮನೆ ಮಲಗಿದೆ. ಮುಖದ ಮೇಲೆ ಪಂಜರದಂಥದ್ದನ್ನು ಇಟ್ಟರು, ಅಲುಗಾಡಬೇಡಿ ಅಂದರು, ಹಲಗೆ ಒಳಗೆ ಸರಿಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಶುರುವಾಯಿತು: ಖಟ್ ಖಟ್, ಖಟ್ ಖಟ್. ಕಿವಿಗೆ ಹತ್ತಿ ಇಟ್ಟಿದ್ದರೂ ಎಲುಬಿನೊಳಗೆ ಕೇಳುತ್ತಿತ್ತು. ನಮ್ಮ ಓಣಿಯ ಸದ್ದು. ಅದೇ ಲಯ, ನಡುವೆ ಲಾಳಿ ತಿರುಗುವಷ್ಟು ಬಿಡುವು, ಮತ್ತೆ ಖಟ್ ಖಟ್. ಅಣ್ಣ ಇದೇ ಸದ್ದಿನಲ್ಲಿ ಇಷ್ಟು ಹೊತ್ತು ಮಲಗಿ ಎದ್ದು ಬಂದನಲ್ಲ, ಒಂದು ಮಾತೂ ಹೇಳದೆ! ಹತ್ತೊಂಬತ್ತರ ಹುಡುಗಿಯಾಗಿ ಕೇಳಿದಂತೆ ಮತ್ತೆ ಕಿವಿಗೊಟ್ಟು ಕೇಳಿದೆ. ಈಗ ನನ್ನ ಹೆಸರು ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಹಲಗೆ ಹೊರಗೆ ಬಂದಾಗ ಅಳುತ್ತಿದ್ದೆ. ಬಹಳ ಜನರಿಗೆ ಒಳಗೆ ಗಾಬರಿಯಾಗುತ್ತದೆ ಎಂದು ನರ್ಸ್ ಸಮಾಧಾನ ಮಾಡಿದಳು.

ಮುಂದಿನ ಸಲ ಹೋದಾಗ ಚಿತ್ರ ತೋರಿಸಿ ಎಂದು ಹಟ ಹಿಡಿದೆ. ತೋರಿಸುವುದಿಲ್ಲ, ಒಬ್ಬೊಬ್ಬರ ಚಿತ್ರದಿಂದ ಏನೂ ತಿಳಿಯುವುದಿಲ್ಲ ಎಂದರು ಡಾಕ್ಟರು. ನಾನು ಬಿಡಲಿಲ್ಲ. ಕಡೆಗೆ ಕಂಪ್ಯೂಟರಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರು. "ಮಾನವನ ಮೆದುಳಿನ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಎಂದು ಎಷ್ಟು ವರ್ಷ ಮಕ್ಕಳಿಂದ ಬರೆಸಿದ್ದೇನೋ. ಮುಮ್ಮೆದುಳು, ಹಿಮ್ಮೆದುಳು, ಬಾಣದ ಗುರುತು ನೆಟ್ಟಗಿದ್ದರೆ ಪೂರ್ತಿ ಅಂಕ. ಇಲ್ಲಿ ಬಾಣಗಳಿರಲಿಲ್ಲ. ನಡುವೆ ಕಪ್ಪಗೆ ರೆಕ್ಕೆ ಬಿಚ್ಚಿದಂಥ ಪೊಳ್ಳು ಜಾಗ. ಅಲ್ಲಿ ನೀರಿರುತ್ತದೆ, ಎಲ್ಲರಿಗೂ ಇರುತ್ತದೆ. ಈ ಕಾಯಿಲೆ ಇರುವ ಅನೇಕರಲ್ಲಿ ಆ ಜಾಗ ತುಸು ದೊಡ್ಡದು, ಪಕ್ಕದ ನೆನಪಿನ ಭಾಗ ತುಸು ಸಣ್ಣದು. ಒಡಹುಟ್ಟಿದವರದ್ದು ಕೆಲವೊಮ್ಮೆ ಇವರಿಗೂ ಉಳಿದವರಿಗೂ ನಡುವೆ ಎಲ್ಲೋ ಇರುತ್ತದೆ, ಕಾಯಿಲೆ ಇಲ್ಲದಿದ್ದರೂ, ಎಂದರು ಡಾಕ್ಟರು.

"ನಂದು?"

"ಹಾಗೆ ನೋಡಬಾರದು ಮೇಡಂ. ನೂರಾರು ಜನರನ್ನ ಒಟ್ಟಿಗೆ ಇಟ್ಟಾಗ ಕಾಣೋ ವ್ಯತ್ಯಾಸ ಇದು. ಚೆನ್ನಾಗಿರೋ ಎಷ್ಟೋ ಜನರಲ್ಲಿ ನಿಮ್ಮಣ್ಣನಿಗಿಂತ ದೊಡ್ಡದಿರತ್ತೆ. ನೀವು ಈ ವಯಸ್ಸು ದಾಟಿ ಚೆನ್ನಾಗಿದ್ದೀರಿ, ಅದೇ ದೊಡ್ಡ ಉತ್ತರ."

ಅವರು ಹೇಳಿದ್ದೆಲ್ಲ ನನಗೆ ತಿಳಿಯಿತು. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆದುಬಿಡುತ್ತಿದ್ದೆ. ಆದರೆ ನನ್ನ ಕಣ್ಣು ಆ ಎರಡು ಕಪ್ಪು ಪೊಳ್ಳುಗಳ ಮೇಲೆಯೇ ಓಡಾಡುತ್ತಿತ್ತು. ನಮ್ಮಿಬ್ಬರ ಮೂಗು ಒಂದೇ, ನಗುವಾಗ ಎಡಗೆನ್ನೆ ಮಡಚುವುದು ಒಂದೇ. ಒಳಗೂ ಒಂದೇ ಮನೆಯವರಂತೆ ಕಂಡೆವು. ಮಗಳದೂ ಅದೇ ಮೂಗು, ಅವಳಿಗೂ ಎಡಗೆನ್ನೆ ಮಡಚುತ್ತದೆ.

ಅವತ್ತಿನಿಂದ ನಾನು ಮಗಳನ್ನು ಕಾಯತೊಡಗಿದೆ. ಬಚ್ಚಲಿನ ಬಾಗಿಲ ಹೊರಗೆ ನಿಂತು, ನೀರಿನ ಸದ್ದಿನ ನಡುವೆ ಮಾತು ಕೇಳುತ್ತದೇನೋ ಎಂದು ಕೇಳಿದೆ. ಕೂದಲು ಬಾಚುವ ನೆಪದಲ್ಲಿ ಮೂಸಿ ನೋಡಿದೆ, ತಲೆಗೆ ನೀರು ಹಾಕಿಕೊಂಡಳೋ ಇಲ್ಲವೋ ಎಂದು. ತಾಟಿನಲ್ಲಿ ಎಷ್ಟು ಬಿಟ್ಟಳು ನೋಡಿದೆ. ಮೊಬೈಲಿನಲ್ಲಿ ಅವಳು ಎಷ್ಟು ಹೊತ್ತಿನತನಕ ಆನ್‌ಲೈನ್ ಇದ್ದಳು ಎಂದು ಹಾಸಿಗೆಯಲ್ಲಿ ಮಲಗಿಯೇ ನೋಡುತ್ತಿದ್ದೆ. ಅವಳ ಗೆಳತಿಗೆ ಗುಟ್ಟಾಗಿ ಫೋನ್ ಮಾಡಿ, "ಕ್ಲಾಸಿನ್ಯಾಗ ಸುಮ್ನ ಕುಂದರ್ತಾಳೇನವಾ?" ಎಂದು ಕೇಳಿದೆ. ಈ ಕಾಯಿಲೆಯವರಿಗೆ ಟಿವಿ ತಮ್ಮೊಂದಿಗೇ ಮಾತಾಡುತ್ತದೆ ಅನ್ನಿಸುವುದುಂಟು ಎಂದು, ವಾರ್ತೆ ಓದುವವಳನ್ನು ತೋರಿಸಿ, "ಅಕಿ ಯಾರಿಗೆ ಮಾತಾಡಾಕತ್ತಾಳ?" ಎಂದು ಕೇಳಿದೆ. "ಯಾರಿಗಂದ್ರ? ಎಲ್ಲಾರಿಗೂ" ಎಂದು ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. ಆ ನೋಟವೂ ಸರಿ ಕಾಣಲಿಲ್ಲ ನನಗೆ.

ಸೆಮಿಸ್ಟರ್ ಪರೀಕ್ಷೆಯ ದಿನ ಅವಳು ದೊಡ್ಡಪ್ಪನ ಫೋಟೋಕ್ಕೆ ಹಣೆ ಹಚ್ಚಲು ಬಾಗಿದಳು. ನಾನು ಅಡುಗೆಮನೆಯಿಂದ ಓಡಿಬಂದು ರಟ್ಟೆ ಹಿಡಿದು ಎಳೆದೆ. "ಅವರಿಗೆ ಕೈ ಮುಗೀಬ್ಯಾಡ!"

"ಯಾಕ ಮಮ್ಮಿ?"

ಅವ್ವ ಜಪದ ಮಣಿ ಹಿಡಿದಲ್ಲೇ ಕಣ್ಣು ಬಿಟ್ಟು ನೋಡಿದಳು. ಅಣ್ಣ ಪಡಸಾಲೆಯಿಂದ ಎಲ್ಲವನ್ನೂ ನೋಡಿ ಮೊರ ಜಾಡಿಸಿದ.

ಮಗಳು ಬದಲಾದಳು. ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದಳು. ಫೋನಿನಲ್ಲಿ ಮಾತಾಡುವಾಗ ನಾನು ಬಂದರೆ ಧ್ವನಿ ಇಳಿಸುತ್ತಿದ್ದಳು. ಊಟಕ್ಕೆ ಕರೆದರೆ ಹಸಿವಿಲ್ಲ. ನನ್ನ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಒಂದೊಂದು ಲಕ್ಷಣವೂ ನನಗೆ ಗೊತ್ತಿದ್ದದ್ದೇ. ಹೆದರಿಕೆ ಅಂದರೆ ಏನೆಂದು ಆ ದಿನಗಳಲ್ಲಿ ತಿಳಿಯಿತು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ನಡುವೆಯೇ ನಿಂತುಬಿಡುತ್ತಿದ್ದೆ. ಮಕ್ಕಳು "ಟೀಚರ್, ಟೀಚರ್" ಎಂದು ಕರೆಯುತ್ತಿದ್ದರು. ಗಂಡನಿಗೆ ಹೇಳಿದರೆ, "ಆ ವಯಸ್ಸಿನ್ಯಾಗ ಎಲ್ಲಾ ಹುಡುಗ್ಯಾರೂ ಬಾಗ್ಲಾ ಹಾಕ್ಕೋತಾರ" ಅಂದರು. ಅವರಿಗೇನು ಗೊತ್ತು, ಅವರು ಹೊರಗಿನವರು ಎಂದು ನನಗೆ ಸಿಟ್ಟು ಬಂತು.

ಶ್ರಾವಣದಲ್ಲಿ ಎಲ್ಲರೂ ಬನಶಂಕರಿಗೆ ಹೋದೆವು. ಬರುವಾಗ ಬಾದಾಮಿಯ ಕೆರೆಯ ಹತ್ತಿರ ಇಳಿದೆವು. ಗಂಡ ಮತ್ತು ಅಣ್ಣ ಅವ್ವನನ್ನು ಕರೆದುಕೊಂಡು ನೆರಳಿಗೆ ಹೋದರು. ಮೆಟ್ಟಿಲ ಮೇಲೆ ಹೆಂಗಸರು ಅರಿವೆ ಒಗೆಯುತ್ತಿದ್ದರು, ಆಚೆ ಕೆಂಪು ಬಂಡೆ, ಮಂಗಗಳ ಕಾಟ. ಮಗಳು ನೀರಿನ ಅಂಚಿಗೆ ಹೋಗಿ ಕೂತಳು. ನಾನು ಹಿಂದೆಯೇ ಹೋಗಿ ಎರಡು ಮೆಟ್ಟಿಲು ಮೇಲೆ ಕೂತೆ. ಅವಳು ತಿರುಗದೆಯೇ ಹೇಳಿದಳು:

"ಮಮ್ಮಿ, ನನ್ನ ಯಾರೋ ಯಾವಾಗ್ಲೂ ನೋಡಾಕತ್ತಾರ ಅನಸ್ತದ."

"ಮಂಗ್ಯಾ ಇರಬೇಕ ತಗೋ" ಅಂದೆ.

"ಚಾಷ್ಟಿ ಅಲ್ಲ. ಮನ್ಯಾಗ, ಬಸ್ಸಿನ್ಯಾಗ, ಎಲ್ಲಾ ಕಡೆ. ನಿದ್ದಿನೂ ಬರವಲ್ದು."

ಅಣ್ಣ ಕಿಟಕಿಗೆ ಸೀರೆ ಕಟ್ಟಿದ ದಿನ ಆಡಿದ ಮಾತು. ಅದೇ ಮಾತು, ಅದೇ ಮೂಗು, ಅದೇ ವಯಸ್ಸು. ಅರಿವೆ ಒಗೆಯುವ ಸದ್ದು ಬಂಡೆಗೆ ಬಡಿದು ವಾಪಸು ಬರುತ್ತಿತ್ತು. ಯಾರು ನೋಡುತ್ತಾರೆ ಎಂದು ನಾನು ಕೇಳಲಿಲ್ಲ. ಅಣ್ಣ ಅವತ್ತು "ಎಲ್ಲಾರೂ" ಅಂದಿದ್ದ. ಇವಳ ಬಾಯಿಂದ ಆ ಮಾತು ಕೇಳುವ ಧೈರ್ಯ ನನಗಿರಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಗಾಬರಿಯಾಗಲಿಲ್ಲ. "ನೆದರಾಗೇದ ಹುಡುಗಿಗೆ. ಇಷ್ಟ ಚೆಂದ ಅದಾಳ, ಆಗಲಾರದ ಏನ ಮಾಡೀತು" ಎಂದು ಉಪ್ಪು, ಒಣ ಮೆಣಸಿನಕಾಯಿ, ಕಸಬರಿಗೆಯ ಕಡ್ಡಿ ತಂದು ಮೊಮ್ಮಗಳನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು. ದೃಷ್ಟಿ ತೆಗೆಯಲು ಮುಖದ ಸುತ್ತ ಇಳಿಸುತ್ತ, "ತಾಯಿ ನೆದರು, ತಂದಿ ನೆದರು, ಬಂದವರ ನೆದರು, ಹೋದವರ ನೆದರು, ನಾಯಿ ನೆದರು, ನರಿ ನೆದರು" ಎಂದಳು. ಮೆಣಸಿನಕಾಯಿ ಒಲೆಗೆ ಬಿದ್ದು ಚಟಪಟ ಅಂತು. ಘಾಟು ಬರಲಿಲ್ಲ. "ನೋಡ, ಎಷ್ಟ ಆಗಿತ್ತು" ಎಂದಳು ಅವ್ವ. ನಾನು ಬಾಗಿಲಲ್ಲಿ ನಿಂತು ಮಗಳ ಮುಖವನ್ನೇ ನೋಡುತ್ತಿದ್ದೆ. ಬೇರೆ ದಿನವಾಗಿದ್ದರೆ ಇದಕ್ಕೆಲ್ಲ ಒಂದು ಭಾಷಣ ಬಿಗಿಯುತ್ತಿದ್ದೆ. ಅವತ್ತು ಇದರಿಂದಲೇ ಹೋಗಲಿ ದೇವರೇ, ನೆದರೇ ಆಗಿರಲಿ ಎಂದು ಬೇಡಿಕೊಂಡೆ.

ಮರುದಿನ ರಜೆ ಹಾಕಿ ಮಗಳನ್ನು ಬಾಗಲಕೋಟೆಗೆ ಕರೆದೊಯ್ದೆ. ಯಾಕೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಡಾಕ್ಟರು ಮೊದಲು ಅವಳೊಬ್ಬಳೊಂದಿಗೇ ಮಾತಾಡಿದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು, ಅಣ್ಣನನ್ನು ಮೊದಲ ಸಲ ಆಸ್ಪತ್ರೆಗೆ ಕರೆತಂದ ದಿನ ಅಪ್ಪ ಇಂಥದ್ದೇ ಬೆಂಚಿನ ಮೇಲೆ ಹೇಗೆ ಕೂತಿದ್ದ ಎಂದು ನೆನೆಸಿಕೊಂಡೆ. ಮೊಣಕಾಲ ಮೇಲೆ ಎರಡೂ ಅಂಗೈ ಇಟ್ಟು, ಶಾಲೆಯಲ್ಲಿ ಶಿಕ್ಷೆಗೆ ಕೂತ ಹುಡುಗನ ಹಾಗೆ. ಒಳಗಿನಿಂದ ಮಗಳ ಧ್ವನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಮ್ಮೆ ಅತ್ತಳು. ಆಮೇಲೆ ಬಾಗಿಲು ತೆರೆದು ನನ್ನನ್ನು ಕರೆದರು.

"ಯಾರೋ ನೋಡ್ತಾರೆ ಅಂತ ಇವರು ನಿಮಗೆ ಹೇಳಿದ್ರಂತೆ. ಯಾರು ಅಂತ ಕೇಳಿದ್ರಾ ನೀವು?"

"ಇಲ್ಲ ಸರ್."

"ಈಗ ಕೇಳಿ."

ನಾನು ಮಗಳ ಕಡೆ ತಿರುಗಿದೆ. ಅವಳ ಕಣ್ಣು ಕೆಂಪಾಗಿತ್ತು. ನಾನು ಕೇಳುವುದಕ್ಕೂ ಅವಳು ಕಾಯಲಿಲ್ಲ.

"ನೀನ, ಮಮ್ಮಿ" ಅಂದಳು. "ಬಚ್ಚಲ ಬಾಗ್ಲದಾಗ ನಿಂತಿರತಿ. ನಾ ಉಣ್ಣಾಗ ತುತ್ತು ನೋಡ್ತಿ. ನನ್ನ ಗೆಳತಿಗೆ ಫೋನ್ ಮಾಡ್ತಿ, ಅಕಿ ನನಗ ಹೇಳತಾಳ. ಬಾಗ್ಲಾ ಹಾಕ್ಕೊಂಡ್ರ ಸಂದಿಯಿಂದ ನೋಡ್ತಿ. ನನಗ ಏನ ಆಗೇದ? ಹೇಳರ ಹೇಳು. ನನಗೂ ಮಾವನಂಗ ಆಗತದೇನು?"

ಅವಳಿಗೆ ಗೊತ್ತಿತ್ತು. ನಾನು ಹೇಳದೆ ಮುಚ್ಚಿಟ್ಟದ್ದನ್ನು ನನ್ನ ಕಣ್ಣೇ ದಿನಾ ಹೇಳಿತ್ತು. ನನಗೆ ಬಿಡುಗಡೆಯಾಗಬೇಕಿತ್ತು. ಆಯಿತು ಕೂಡ. ಅದರ ಬೆನ್ನಿಗೇ ಹೊಸ ಹೆದರಿಕೆ ಹತ್ತಿತು. ಈಗ ಹೆದರಿದವರು ಇಬ್ಬರು. ಡಾಕ್ಟರು ನಿಧಾನವಾಗಿ ಹೇಳಿದರು: ಇವತ್ತು ಇವಳಲ್ಲಿ ಅಂಥದ್ದೇನೂ ಕಾಣುತ್ತಿಲ್ಲ, ಮುಂದೆ ಬರುವುದೇ ಇಲ್ಲ ಎಂದು ನಾನು ಬರೆದುಕೊಡಲಾರೆ, ಯಾವ ಸ್ಕ್ಯಾನೂ ಬರೆದುಕೊಡುವುದಿಲ್ಲ, ಆದರೆ ಇಂಥವರ ಅಕ್ಕತಂಗಿಯರ ಮಕ್ಕಳಲ್ಲಿ ಬಹುತೇಕರಿಗೆ ಇದು ಬರುವುದಿಲ್ಲ, ಯಾವಾಗಲಾದರೂ ಭಯವೆನಿಸಿದರೆ ಇವಳೇ ಬರಲಿ, ಯಾರೂ ಹಿಡಿದು ತರಬೇಕಾಗಿಲ್ಲ. ಕೊನೆಯ ಮಾತನ್ನು ಅವಳಿಗೇ ಹೇಳಿದರು. ಆಮೇಲೆ ನನಗೆ, "ಮೇಡಂ, ನೀವೂ ಒಮ್ಮೆ ಬನ್ನಿ. ಅಣ್ಣನ ಜೊತೆ ಅಲ್ಲ, ಒಬ್ರೇ" ಅಂದರು.

ಬಸ್ಸು ಅಮೀನಗಡದಲ್ಲಿ ನಿಂತಾಗ ಮಗಳು ಇಳಿದು ಮಾವನಿಗೆಂದು ಕರದಂಟು ತಂದಳು. ಹುನಗುಂದ ಬರುವ ತನಕ ನನ್ನ ಹೆಗಲಿಗೆ ತಲೆ ಒರಗಿಸಿದ್ದಳು. ದೊಡ್ಡಪ್ಪನ ಸುದ್ದಿ, ಸ್ಕ್ಯಾನಿನ ಸುದ್ದಿ, ಆ ಜೋಡಿ ಗೆರೆ, ಎಲ್ಲವನ್ನೂ ಹೇಳಿದೆ. "ಮೊದ್ಲ ಹೇಳಬೇಕಿತ್ತಿಲ್ಲೋ" ಎಂದಳು, ಅಷ್ಟೇ.

ಮನೆಗೆ ಬಂದಾಗ ಅಣ್ಣ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ. ಮಗಳು ಕರದಂಟಿನ ಪೊಟ್ಟಣವನ್ನು ಮೊರದ ಪಕ್ಕ ಇಟ್ಟು ಅವನ ಎದುರು ಕೂತಳು. ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟೆ. ಬಾಗಿಲ ಚೌಕಟ್ಟಿನಿಂದ ಇಬ್ಬರೂ ಕಾಣುತ್ತಿದ್ದರು.

"ಎಲ್ಲಿ ಹೋಗಿದ್ರಿ?" ಅಣ್ಣ ಕೇಳಿದ.

"ನಿನ್ನ ಡಾಕ್ಟರ ಕಡೆ. ನನಗ ಯಾರೋ ನೋಡಾಕತ್ತಾರ ಅನಸ್ತಿತ್ತು ಮಾವ. ಯಾರಂತ ಗೊತ್ತಾತು."

ಅಣ್ಣ ಒಂದು ಹರಳು ಆರಿಸಿ ಪಕ್ಕಕ್ಕೆ ಇಟ್ಟ. ಅಡುಗೆಮನೆಯ ಕಡೆ ತಲೆ ಎತ್ತಲಿಲ್ಲ.

"ನನಗೂ ಮೊದ್ಲ ಭಾಳ ಮಂದಿ ನೋಡ್ತಿದ್ರು" ಅಂದ. "ಗುಳಿಗಿ ಚಾಲೂ ಆದ ಮ್ಯಾಲ ಒಬ್ಬೊಬ್ಬರ ಬಿಟ್ಟ ಹೋದ್ರು. ನಿಮ್ಮವ್ವ ಒಬ್ಬಾಕಿ ಇನ್ನೂ ಬಿಟ್ಟಿಲ್ಲ."

ಮಗಳು ನಕ್ಕಳು. ಅವನೂ ನಕ್ಕ. ಇಬ್ಬರ ಎಡಗೆನ್ನೆಯೂ ಮಡಚಿದ್ದನ್ನು ಕಂಡೆ. ಕಣ್ಣು ಕೀಳಲು ಆಗಲಿಲ್ಲ. ಆಮೇಲೆ ಆ ಕಡೆ ಬೆನ್ನು ಮಾಡಿ ನಿಂತೆ. ಚಹಾ ಉಕ್ಕುವ ತನಕ ತಿರುಗಿ ನೋಡಲಿಲ್ಲ.